ಯಲ್ಲೇಶನ ಹಾಡಿನ ಓಟ

ತಮ್ಮಾ ಯಲ್ಲೇಶ,

ನೀನು ಬಿಟ್ಟುಹೋದ ಬೇಸ್ ಗಿಟಾರನ್ನು ಈ ವಯಸ್ಸಿನಲ್ಲಿ ಕಲಿಯುತ್ತಿದ್ದೇನೆ, ನಗಬೇಡ. ನಾಳೆ ರಾಣೆಬೆನ್ನೂರಿನಲ್ಲಿ ನಿನ್ನ ನೆನಪಿಗೆ ಗೆಳೆಯರು ಸೇರುತ್ತಾರೆ. ನಿಮ್ಮ ಬ್ಯಾಂಡು ಕಟ್ಟಿದ ರಾಕ್ ಹಾಡನ್ನು ಅಲ್ಲಿ ನುಡಿಸಬೇಕೆಂದು ನಿನ್ನ ಮಗಳು ಅಂಜಲಿಯ ಹಟ. ಗಿಟಾರು ಅವಳದು, ಬೇಸ್ ನನ್ನದು. ಹಾಡನ್ನು ತುಂಡು ತುಂಡಾಗಿ ಕೇಳಿಸಿ ಕಲಿಸಿದ್ದಾಳೆ.

ಆದರೆ ನನ್ನದು ಬ್ಯಾಡಗಿಯ ಭಜನಾ ಮೇಳದ ಕೈ. ಚಿಕ್ಕವನಿದ್ದಾಗ ಪಕ್ಕದಲ್ಲೇ ಕುಳಿತು ತಾಳ ಬಡಿಯುತ್ತಿದ್ದ ನಿನಗೆ ಗೊತ್ತು, ಹಾಡು ಮುಗಿಯುತ್ತ ಬಂದಂತೆ ನಾವು ಲಯ ಏರಿಸಿಯೇ ತೀರುತ್ತೇವೆ. ಇವತ್ತಿನ ಅಭ್ಯಾಸದಲ್ಲೂ ನನ್ನ ಕೈ ಹಾಗೇ ಓಡಿತು.

"ದೊಡ್ಡಪ್ಪಾ, ಇದು ಭಜನಿ ಅಲ್ರಿ! ಇನ್ನೊಮ್ಮೆ ಓಡಿದ್ರ ನಾಳೆ ನಾ ಒಬ್ಬಾಕೀನ ನುಡಿಸ್ತೇನಿ. ಅಪ್ಪ ಹೆಂಗ ನುಡಿಸ್ಯಾನ, ಕೇಳ್ರಿ!"

ಸಿಟ್ಟಿನಲ್ಲಿ ತನ್ನ ಫೋನಿನಲ್ಲಿ ನಿನ್ನ ಹಾಡು ಹಚ್ಚಿದಳು, ನನ್ನ ಫೋನಿನಲ್ಲಿ ಒಂದೇ ಲಯದ ಟಿಕ್ ಟಿಕ್. ಇಬ್ಬರೂ ಕಿವಿಗೊಟ್ಟು ಕುಳಿತೆವು. ಕೊನೆಯ ಚರಣದಲ್ಲಿ ಟಿಕ್ ಟಿಕ್ ಹಿಂದೆ ಬಿತ್ತು. ನೀನೂ ಓಡುತ್ತಿದ್ದೆ.

ಅಂಜಲಿ ಎರಡೂ ಫೋನು ನಿಲ್ಲಿಸಿ, ಬೇಸನ್ನು ನನ್ನತ್ತ ಚಾಚಿದಳು. "ಹಿಡೀರಿ ದೊಡ್ಡಪ್ಪ. ಎಷ್ಟ ಬೇಕೋ ಅಷ್ಟ ಓಡ್ರಿ, ನಾ ಬೆನ್ನ ಹತ್ತತೇನಿ" ಎಂದಳು.

ನನಗೆ ತಂತಿ ಮುಟ್ಟಲಾಗಲಿಲ್ಲ. ಆ ಹಾಡನ್ನು ಮೊದಲಿನಿಂದ ಕೊನೆಯವರೆಗೆ ನಾನು ಕೇಳಿದ್ದು ಇವತ್ತೇ ಮೊದಲು, ಯಲ್ಲೇಶ.

ನಿನ್ನ ಅಣ್ಣ,
ಡಾಕಪ್ಪ