ಗುಡ್ಡದ ಮೇಲಿನ ಬಿಳಿಗಲ್ಲು

ಡ್ರಮ್‌ಕೀಲ್, ಮೇಯೋ
೧೨ ಮೇ ೧೯೯೬

ಪ್ರೀತಿಯ ಮಗಳು ಊನಾಗೆ,

ನಾವಿಬ್ಬರೂ ಗಟ್ಟಿಮುಟ್ಟಾಗಿದ್ದೇವೆ. ಲಿವರ್‌ಪೂಲಿನಲ್ಲಿ ನೀನೂ ಮಕ್ಕಳೂ ಹಾಗೇ ಇದ್ದೀರೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಬೇಸರಪಟ್ಟುಕೊಳ್ಳಬೇಡ. ಕುರಿಗಳು ಮರಿ ಹಾಕುವ ಕಾಲದಲ್ಲಿ ನನ್ನ ಕೈಗೆ ಪೆನ್ನು ಹತ್ತುವುದಿಲ್ಲ. ಆದರೆ ಈ ಸಲ ತಪ್ಪನ್ನು ಕುರಿಗಳ ಮೇಲೆ ಹಾಕಿದರೆ ಪಾಪ ಬಂದೀತು.

ಜೂನ್‌ನಲ್ಲಿ ಮಕ್ಕಳ ಜೊತೆ ಬರುತ್ತೇನೆ, ಅಲ್ಲಿ ನೋಡೋಕೆ ಏನಿದೆ ಎಂದು ಕೇಳಿದ್ದೀಯೆ. ಹುಟ್ಟಿದೂರಿನ ಬಗ್ಗೆ ಹೀಗೆ ಕೇಳುವವಳು ನೀನೊಬ್ಬಳೇ. ಮುರಿದ ಮಠವಿದೆ, ಗೋಪುರ ಕಳಚಿದ ಕೋಟೆಯಿದೆ, ಸರೋವರದಲ್ಲಿ ಮೀನಿದೆ, ನನಗೆ ಸಿಗುವುದಿಲ್ಲ ಅಷ್ಟೇ. ಈಗ ಗುಡ್ಡ ಹತ್ತಲು ದಾರಿಯನ್ನೂ ಮಾಡಿದ್ದಾರೆ. ಕಾರ್ಕ್‌ನಿಂದ ಬಂದ ಹೊಸ ಮೇಷ್ಟ್ರು ಕೋಲ್ಮನ್ ಅದರ ಯಜಮಾನ. ಭಾನುವಾರ ಡಬ್ಲಿನ್‌ನವರು, ಜರ್ಮನಿಯವರು ಬಣ್ಣದ ಕೋಟು ತೊಟ್ಟು ನಮ್ಮ ಅಂಗಳದ ಮುಂದೆಯೇ ಹಾದುಹೋಗುತ್ತಾರೆ. ನಿನ್ನಮ್ಮ ಚಹಾ ಕೊಡುತ್ತಾಳೆ. "ಮಳೇಲಿ ನೆನೆಯೋಕೆ ಅಂತ ಇಷ್ಟು ದೂರ ಬರ್ತಾರಲ್ಲ, ಇವರ ಮನೇಲಿ ಬೈಯೋರು ಯಾರೂ ಇಲ್ವಾ?" ಎಂದು ನನ್ನ ಕಿವಿಯಲ್ಲಿ ಹೇಳುತ್ತಾಳೆ.

ಆ ದಾರಿ ಗುಡ್ಡದ ಮೇಲಿನ ಹಳೆಯ ಮಣ್ಣುಕೋಟೆಯ ಒಳಗೇ ಹಾದುಹೋಗುತ್ತದೆ. ಅಲ್ಲಿ ಏನಿದೆ ಎಂಬುದು ನಿನಗೆ ಗೊತ್ತು. ದೀಕ್ಷಾಸ್ನಾನಕ್ಕೆ ಮೊದಲೇ ತೀರಿಕೊಂಡ ಕೂಸುಗಳಿಗೆ ಆಗ ಚರ್ಚಿನ ನೆಲದಲ್ಲಿ ಜಾಗವಿರಲಿಲ್ಲ. ತಂದೆ ಒಬ್ಬನೇ ಪೆಟ್ಟಿಗೆ ಎತ್ತಿಕೊಂಡು ಹೋಗಿ, ಅಲ್ಲಿ ಮಣ್ಣು ಮಾಡಿ, ತಲೆಯ ಕಡೆ ಒಂದು ಬಿಳಿಗಲ್ಲು ಇಟ್ಟು ಬರಬೇಕು. ತಾಯಿಗೆ ಜಾಗ ತೋರಿಸುವ ಪದ್ಧತಿಯಿಲ್ಲ. ನಿನ್ನಣ್ಣನನ್ನೂ ಹಾಗೇ ಒಯ್ದೆ. "ಹೊರಗೆ ಚಳಿ, ಅವನಿಗೆ ಶಾಲು ಸುತ್ತಿದೀಯಾ?" ಎಂದು ನಿನ್ನಮ್ಮ ಹಾಸಿಗೆಯಿಂದಲೇ ಕೇಳಿದಳು. ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ.

ಈ ವಸಂತದಲ್ಲಿ ಹೊಸ ಪಾದ್ರಿಗಳು ಗುಡ್ಡಕ್ಕೇ ಬಂದು ಆ ನೆಲವನ್ನು ಮಂತ್ರಿಸಿ ಪವಿತ್ರ ಮಾಡುತ್ತೇನೆ, ತಾಯಂದಿರೆಲ್ಲ ಬನ್ನಿ ಎಂದರು. ನಿನ್ನಮ್ಮ ಒಳ್ಳೆಯ ಕೋಟನ್ನು ಹೊರಗೆ ತೆಗೆದಳು.

"ಇನ್ನಾದ್ರೂ ತೋರಿಸ್ತೀಯಾ, ಮಾರ್ಟಿನ್?"

"ತೋರಿಸ್ತೀನಿ ಡೆಲಿಯಾ."

ಹುಲ್ಲು ಸವರಿ ಬರೋಣವೆಂದು ಹಿಂದಿನ ದಿನ ಮೇಲೆ ಹೋದೆ. ಅಲ್ಲಿ ಒಂದು ಕಲ್ಲೂ ಇರಲಿಲ್ಲ. ಪಕ್ಕದಲ್ಲಿ ಸೊಂಟದೆತ್ತರದ ಬಿಳಿ ಗುಪ್ಪೆ ಎದ್ದಿತ್ತು. ಗುಡ್ಡ ಹತ್ತಿದವರು ನೆನಪಿಗೆ ಒಂದೊಂದು ಕಲ್ಲು ಪೇರಿಸುವುದು ರೂಢಿಯಲ್ಲವೇ, ಕೈಗೆ ಸಿಕ್ಕಿದ್ದನ್ನು ಪೇರಿಸಿದ್ದಾರೆ.

ನೆಟ್ಟಗೆ ಕೋಲ್ಮನ್ ಮನೆಗೆ ಹೋದೆ. ಆ ಕಲ್ಲುಗಳು ಏನೆಂದು ಹೇಳಿದೆ. "ಮೊದಲನೇ ಕಲ್ಲು ಇಟ್ಟವನೇ ನಾನು. ಒಬ್ಬರೂ ಹೇಳಲಿಲ್ಲವಲ್ಲ ಮಾರ್ಟಿನ್," ಎಂದು ಬಾಗಿಲಲ್ಲೇ ಕೂತುಬಿಟ್ಟ. ಬೈಯಲು ಹೋದವನು ಅವನ ಭುಜ ತಟ್ಟಿ ಬಂದೆ. ಯಾರು ಹೇಳಿಯಾರು? ಆ ಕೂಸುಗಳ ಹೆಸರೆತ್ತದೆ ಬದುಕಿದ ಊರು ನಮ್ಮದು.

ಭಾನುವಾರ ನಿನ್ನಮ್ಮ ನನ್ನ ತೋಳು ಹಿಡಿದು ಹತ್ತಿದಳು. ಉಳಿದ ಹೆಂಗಸರು ಗುಪ್ಪೆಯ ಮುಂದೆಯೇ ಮೊಣಕಾಲೂರಿದರು. ಗುಪ್ಪೆಯಿಂದ ಸ್ವಲ್ಪ ದೂರದಲ್ಲಿ, ಹುಲ್ಲಿನ ನಡುವೆ ಒಂದೇ ಒಂದು ಬಿಳಿಗಲ್ಲು ಇತ್ತು. "ಇದೇ," ಎಂದೆ. ಅವಳು ಅದರ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ಕೂತಳು. ಇಳಿಯುವಾಗ, "ಪಾಪ, ಅವರಿಗೆಲ್ಲ ಯಾವುದು ತಮ್ಮದು ಅಂತ ಗೊತ್ತಿಲ್ಲ. ನನ್ನ ಪುಣ್ಯ, ತೋರಿಸೋಕೆ ನೀನಿನ್ನೂ ಇದೀಯ," ಎಂದಳು.

ಈಗ ಮಳೆ ಬಿಟ್ಟಾಗಲೆಲ್ಲ ಮೇಲೆ ಹೋಗುತ್ತಾಳೆ. "ಜೂನ್‌ಗೆ ಊನಾ ಬರ್ತಾಳೆ, ಅವಳ ಅಣ್ಣನ್ನ ತೋರಿಸ್ತೀನಿ," ಎಂದು ಚಹಾಕ್ಕೆ ಬಂದ ಜರ್ಮನಿಯವರಿಗೂ ಹೇಳುತ್ತಾಳೆ.

ಗಟ್ಟಿ ಬೂಟು ತನ್ನಿ, ಗುಡ್ಡದ ಮೇಲೆಲ್ಲ ಕೆಸರು. ದೇವರು ನಿನ್ನನ್ನೂ ಮಕ್ಕಳನ್ನೂ ತನ್ನ ಅಂಗೈಯಲ್ಲಿಟ್ಟು ಕಾಯಲಿ.

ನಿನ್ನ ಅಪ್ಪ,
ಮಾರ್ಟಿನ್

ತಾ.ಕ.: ಇದನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ, ಓದಿ ಒಲೆಗೆ ಹಾಕು. ಆ ಕಲ್ಲನ್ನು ಹಿಂದಿನ ದಿನ ಗುಪ್ಪೆಯಿಂದ ತೆಗೆದು ಅಲ್ಲಿಟ್ಟವನು ನಾನೇ. ಗುರುತಿಗಿದ್ದ ಮುಳ್ಳುಮರ ಬಿದ್ದು ಎಷ್ಟೋ ವರ್ಷವಾಯಿತು, ಕಲ್ಲೊಂದೇ ಉಳಿದಿತ್ತು. ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿದೆ ಮಗಳೇ, ನಿನ್ನಣ್ಣನದು ಯಾವುದೆಂದು ತಿಳಿಯಲಿಲ್ಲ. ಅಮ್ಮ ನಿನ್ನ ಕೈ ಹಿಡಿದು ಆ ಕಲ್ಲಿನ ಮೇಲೆ ಇಟ್ಟಾಗ ಕೈ ಹಿಂದಕ್ಕೆಳೆಯಬೇಡ. ಅದು ಯಾವ ತಾಯಿಯ ಕೂಸಿನದೋ, ಆ ಕೂಸಿಗೂ ಯಾರಾದರೂ ಬೇಕಲ್ಲ. ನಾನು ಗುಪ್ಪೆಯ ಕಡೆ ಮುಖ ಮಾಡಿ ನಿಂತಿದ್ದರೆ, ಅವಳ ಎದುರಿಗೆ ಏಕೆಂದು ಕೇಳಬೇಡ.