ಏಣಿಯ ಮೇಲಿದ್ದ ಅಣ್ಣನ ಕೈಗೆ ಕೊಟ್ಟದ್ದು

ಅತ್ತಿಗೆ,

ಇಲ್ಲಿಂದಲೇ ನಿಮ್ಮ ಕಾಲಿಗೆ ಬಿದ್ದು ಬರೆಯುತ್ತಿದ್ದೇನೆ.

ನಿಮ್ಮ ಕಾಗದ ಬಂದು ಹದಿನಾರು ದಿನವಾಯಿತು. "ನಿಮ್ಮಣ್ಣನ ಷೆಡ್ ಮಾರಲ್ಲ ಕಣಪ್ಪಾ, ಬೀಗ ತೆಗ್ದು ನಾನೇ ವೆಲ್ಡಿಂಗ್ ಕಲಿತೀನಿ. ಹೇಗೆ ಶುರು ಮಾಡ್ಬೇಕು ಅಂತ ಬಿಡಿಸಿ ಬರಿ" ಎಂದಿದ್ದೀರಿ. ಕೊನೆಗೆ ಇನ್ನೊಂದು ಸಾಲು ಸೇರಿಸಿದ್ದೀರಿ. "ನಿಮ್ಮಣ್ಣನ್ನ ಕೇಳೋ ಹಾಗಿಲ್ಲ. ಗಾರ್ಡ್ ಬಿಚ್ಚಿದ ಮಷೀನ್ ಹಿಡಿದು ತನ್ನ ಕಣ್ಣು ತಾನೇ ಕಳ್ಕೊಂಡ ಮನುಷ್ಯನ ಹತ್ರ ನಾನೇನು ಕಲೀಲಿ? ಎರಡು ವರ್ಷ ಆಯ್ತು, ಅವರ ಜೊತೆ ನೆಟ್ಟಗೆ ಒಂದು ಮಾತಾಡಿಲ್ಲ." ಆ ಸಾಲು ಓದಿದಂದಿನಿಂದ ಉತ್ತರ ಬರೆಯಲು ಕೂರುವುದು, ಹರಿದು ಹಾಕುವುದು, ಇದೇ ಆಗಿದೆ.

ಮೊದಲು ನೀವು ಕೇಳಿದ್ದನ್ನೇ ಹೇಳಿಬಿಡುತ್ತೇನೆ. ಅಂಗಡಿಗೆ ಹೋಗಿ ಹೊಸ ಸಾಮಾನು ತರಬೇಡಿ. ಹೆಂಗಸು ವೆಲ್ಡಿಂಗ್ ಮಷೀನ್ ಕೇಳಿದಳು ಎಂದರೆ ಅಂಗಡಿಯವನಿಗೆ ಅಂದೇ ಹಬ್ಬ, ಬೇಡದ್ದನ್ನೆಲ್ಲ ಕಟ್ಟಿ ಕಳಿಸುತ್ತಾನೆ. ಷೆಡ್ಡಿನಲ್ಲಿರುವ ಚಿಕ್ಕ ವೆಲ್ಡಿಂಗ್ ಮಷೀನೇ ಧಾರಾಳವಾಗಿ ಸಾಕು. ಕಬ್ಬಿಣವನ್ನು ಕಚ್ಚಿ ಹಿಡಿಯುವ ವೈಸನ್ನು ಮೇಜಿಗೆ ಬಿಗಿದ ಬೋಲ್ಟುಗಳು ಸಡಿಲಾಗಿರುತ್ತವೆ, ಅವನ್ನು ಬಿಗಿ ಮಾಡಿ. ಹಿಡಿತ ಅಲುಗಾಡಿದರೆ ಎಂಥ ಕೆಲಸಗಾರನ ಕೈಯೂ ಕೆಡುತ್ತದೆ. ಬೆಸುಗೆಯ ರಾಡುಗಳು ಎರಡು ವರ್ಷ ಷೆಡ್ಡಿನಲ್ಲೇ ಬಿದ್ದು ತೇವ ಕುಡಿದಿರುತ್ತವೆ. ಅವುಗಳಲ್ಲಿ ಕಲಿಯಲು ಹೋದರೆ ಪಟಪಟ ಸಿಡಿಯುತ್ತವೆ, ತಪ್ಪು ನಿಮ್ಮದೆಂದು ನೀವು ಅಳುತ್ತೀರಿ. ಹೊಸದೊಂದು ಪೊಟ್ಟಣ ತನ್ನಿ, ತೆಳುವಾದ ರಾಡು.

ಮಷೀನಿನ ಎರಡನೇ ವೈರಿನ ತುದಿಯ ಅರ್ತ್ ಕ್ಲಾಂಪನ್ನು ತುಕ್ಕಿನ ಮೇಲಾಗಲಿ ಬಣ್ಣದ ಮೇಲಾಗಲಿ ಕಚ್ಚಿಸಬೇಡಿ, ಉಜ್ಜಿ ಹೊಳೆಯುವ ಜಾಗ ಮಾಡಿಕೊಳ್ಳಿ. ನೈಲಾನ್ ಸೀರೆ ಉಟ್ಟುಕೊಂಡು ಷೆಡ್ಡಿಗೆ ಕಾಲಿಡಲೇಬೇಡಿ. ಅಣ್ಣನ ಹಳೇ ಹತ್ತಿ ಅಂಗಿ, ಪ್ಯಾಂಟು, ಚರ್ಮದ ಬೂಟು ಹಾಕಿಕೊಳ್ಳಿ, ನೋಡುವವರು ನಕ್ಕರೆ ನಗಲಿ. ಸತುವಿನ ಬಿಳಿ ಲೇಪದ ನೀರಿನ ಪೈಪು ಯಾರಾದರೂ ತಂದರೆ ಮೊದಲು ಲೇಪ ಪೂರ್ತಿ ಉಜ್ಜಿ ತೆಗೆಯಿರಿ, ಬಯಲಲ್ಲಿ ಗಾಳಿಗೆ ಬೆನ್ನು ಕೊಟ್ಟು ಕೂತು ಬೆಸೆಯಿರಿ. ಆ ಹೊಗೆ ಕುಡಿದರೆ ಚಳಿಜ್ವರ ಬಂದು ಮಲಗಿಬಿಡುತ್ತೀರಿ. ಎಣ್ಣೆ, ಪೆಟ್ರೋಲು ತುಂಬಿಟ್ಟಿದ್ದ ಡ್ರಮ್ಮನ್ನಂತೂ ಎಷ್ಟೇ ಖಾಲಿ ಎಂದರೂ ಮುಟ್ಟಬೇಡಿ. ಬೆಸೆಯುವಾಗ ಮುಖಕ್ಕೆ ಕಪ್ಪು ಗಾಜಿನ ಮರೆ ಹಿಡಿದಂತೆ, ಬೆಸುಗೆಯ ಮೇಲಿನ ಕಿಟ್ಟ ಕುಟ್ಟುವಾಗಲೂ ಕಣ್ಣಿಗೆ ಕನ್ನಡಕ ಇರಲಿ, ಅದು ನೆಟ್ಟಗೆ ಕಣ್ಣಿಗೇ ಹಾರುತ್ತದೆ.

ಕಣ್ಣು ಎಂದು ಬರೆದ ಕೂಡಲೇ ಕೈ ನಿಲ್ಲುತ್ತದೆ, ಅತ್ತಿಗೆ. ಸುತ್ತಿ ಬಳಸಿ ಎಷ್ಟು ಬರೆದರೂ ಅಲ್ಲಿಗೇ ಬರಬೇಕು.

ಅಣ್ಣನಿಗೆ ಓಣಿಯವರೆಲ್ಲ 'ಮೇಷ್ಟ್ರು' ಎಂದು ಯಾಕೆ ಹೆಸರಿಟ್ಟರು ಹೇಳಿ. ಕಬ್ಬಿಣ ಕತ್ತರಿಸುವ ಗ್ರೈಂಡರ್ ಮುಟ್ಟುವವರಿಗೆಲ್ಲ ಪಾಠ ಹೇಳಿ ಹೇಳಿ ತಲೆ ತಿನ್ನುತ್ತಿದ್ದನಲ್ಲ, ಅದಕ್ಕೆ. "ಗಾರ್ಡ್ ಇರೋದು ಮಷೀನಿಗಲ್ಲ ಕಣೋ, ನಿನ್ನ ಮೂತಿಗೆ" ಎಂದು ದಿನಕ್ಕೊಂದು ಸಲವಾದರೂ ನನಗೆ ಹೇಳುತ್ತಿದ್ದ. ಅಂಥವನು ತಿರುಗುವ ಡಿಸ್ಕನ್ನು ಮುಚ್ಚುವ ಗಾರ್ಡ್ ಬಿಚ್ಚಿದ ಎಂದರೆ ನೀವು ಹೇಗೆ ನಂಬಿದಿರಿ? ಹನ್ನೊಂದು ವರ್ಷ ಜೊತೆಗೆ ಸಂಸಾರ ಮಾಡಿದವರು ನೀವು! ಛೆ, ನಿಮ್ಮ ಮೇಲೆ ಸಿಟ್ಟು ಮಾಡಲು ನಾನ್ಯಾರು. ನಂಬಿಸಿದವರಲ್ಲಿ ನಾನೂ ಒಬ್ಬ.

ಬಿಚ್ಚಿದವನು ನಾನು.

ಅವತ್ತು ದೊಡ್ಡ ಗ್ರೈಂಡರ್ ಸುಟ್ಟುಹೋಗಿ ರಿಪೇರಿಗೆ ಹೋಗಿತ್ತು. ಬೆಳಿಗ್ಗೆ ನನಗೊಂದು ದಪ್ಪ ಕಬ್ಬಿಣದ ತೊಲೆ ಕತ್ತರಿಸುವುದಿತ್ತು. ಚಿಕ್ಕ ಗ್ರೈಂಡರಿನ ಡಿಸ್ಕು ಅಷ್ಟು ಆಳಕ್ಕೆ ಹೋಗುವುದಿಲ್ಲ. ದೊಡ್ಡ ಮಷೀನಿನ ಅರ್ಧ ಸವೆದ ಡಿಸ್ಕೊಂದು ಗೋಡೆಗೆ ನೇತಾಡುತ್ತಿತ್ತು, ತೂತು ಎರಡಕ್ಕೂ ಒಂದೇ ಅಳತೆ. ಆದರೆ ಗಾರ್ಡ್ ಇದ್ದರೆ ಅದು ಕೂರುವುದಿಲ್ಲ. ಗಾರ್ಡ್ ಬಿಚ್ಚಿ ಕೂರಿಸಿದೆ. ಚಿಕ್ಕ ಮಷೀನು ದೊಡ್ಡದಕ್ಕಿಂತ ಎಷ್ಟೋ ಜೋರಾಗಿ ತಿರುಗುತ್ತದೆ, ಆ ಓಟವನ್ನು ದೊಡ್ಡ ಡಿಸ್ಕು ತಡೆಯುವುದಿಲ್ಲ, ಸಿಡಿಯುತ್ತದೆ. ಇದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು, ಮೇಷ್ಟ್ರೇ ಹೇಳಿಕೊಟ್ಟಿದ್ದ. ಆದರೂ ಎರಡು ಕಟ್ ಬೆಣ್ಣೆಯ ಹಾಗೆ ಬಂತು, ಭಲೇ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮಧ್ಯಾಹ್ನ ಅಣ್ಣ ಏಣಿ ಹತ್ತಿ ಮುಂಬಾಗಿಲ ಮೇಲಿನ ಹಳೆಯ ಕಬ್ಬಿಣದ ಆಂಗಲ್ ತೆಗೆಯುತ್ತಿದ್ದ. ನೀವು ಹೊಲಿಗೆ ಕಾರ್ಖಾನೆಗೆ ಹೋಗಿದ್ದಿರಿ. ಎಡಗೈಯಲ್ಲಿ ಆಂಗಲ್ ಹಿಡಿದುಕೊಂಡೇ ಬಲಗೈಯನ್ನು ಹಿಂದಕ್ಕೆ ಚಾಚಿ "ಗ್ರೈಂಡರ್ ಕೊಡೋ" ಎಂದ. ಡಿಸ್ಕ್ ಬದಲಾಯಿಸಬೇಕು ಎಂದು ಮನಸ್ಸಿಗೆ ಬಂತು, ಅತ್ತಿಗೆ. ಮರೆತೆ ಎಂದು ಸುಳ್ಳು ಹೇಳಲಾರೆ. ಎರಡೇ ನಿಮಿಷದ ಕೆಲಸ. ಒಂದು ಕಟ್ ತಾನೇ, ಏನಾಗುತ್ತದೆ ಎಂದುಕೊಂಡು ಹಾಗೇ ಕೈಗಿಟ್ಟೆ. ಅವನು ತಿರುಗಿ ನೋಡಲಿಲ್ಲ, ಕಣ್ಣು ಜಾರುತ್ತಿದ್ದ ಆಂಗಲ್ ಮೇಲೇ ಇತ್ತು. ನಾನು ಕೊಟ್ಟದ್ದನ್ನು ಅವನು ಯಾವತ್ತೂ ನೋಡಿ ತೆಗೆದುಕೊಂಡವನಲ್ಲ.

ಸ್ವಿಚ್ ಒತ್ತಿ ಕಬ್ಬಿಣಕ್ಕೆ ತಾಗಿಸಿದ ಕೂಡಲೇ ಡಿಸ್ಕು ಚೂರಾಯಿತು. ಕನ್ನಡಕ ಹಾಕಿದ್ದ, ಆ ಚೂರಿಗೆ ಕನ್ನಡಕ ಯಾವ ಲೆಕ್ಕ. ಬಲಗಣ್ಣು ಅಂದೇ ಹೋಯಿತು. ಎಡಗಣ್ಣು ಉಳಿಯುತ್ತದೆ ಎಂದರು, ಮೂರು ತಿಂಗಳಿಗೆ ಅದೂ ಆರಿತು. ಆಸ್ಪತ್ರೆಯಲ್ಲಿ ಯಾರೋ "ಗಾರ್ಡ್ ಯಾರು ತೆಗೆದಿದ್ದು?" ಎಂದು ಕೇಳಿದಾಗ, ಮುಖದ ತುಂಬ ಬಟ್ಟೆ ಸುತ್ತಿಕೊಂಡು ಮಲಗಿದ್ದವನು ನನಗಿಂತ ಮೊದಲು ಬಾಯಿ ತೆರೆದ. "ನಾನೇ ತೆಗೆದಿದ್ದೆ." ನೀವು ಬಾಗಿಲಲ್ಲಿ ನಿಂತಿದ್ದಿರಿ. ಅವತ್ತು ಸುಮ್ಮನಾದವನು ಇವತ್ತಿನವರೆಗೂ ಸುಮ್ಮನೇ ಇದ್ದೇನೆ.

ಕೆಲಸ ಸಿಕ್ಕಿತು ಎಂದು ಹೇಳಿ ಹೊರಟುಬಂದೆನಲ್ಲ, ಯಾವ ಕೆಲಸ? ಒಂದು ಉಗ್ರಾಣದಲ್ಲಿ ಕೂತು ಕೇಳಿದವರಿಗೆ ಬೋಲ್ಟು, ನಟ್ಟು ಎಣಿಸಿ ಕೊಡುತ್ತೇನೆ. ಮಷೀನ್ ಮುಟ್ಟುವುದನ್ನೇ ಬಿಟ್ಟಿದ್ದೇನೆ. ಇಲ್ಲಿ ನನ್ನ ಜೊತೆ ಮಾತಾಡುವವರಿಲ್ಲ, ಇದ್ದರೂ ನನಗೆ ಬೇಕಾಗಿಲ್ಲ. ಒಳ್ಳೆಯದಾಗುತ್ತದೆ ಎಂದು ಕಾಯುವುದನ್ನು ಬಿಟ್ಟು ಬಹಳ ಕಾಲವಾಯಿತು. ಹೋದ ಕಣ್ಣು ಬರುವುದಿಲ್ಲ, ನಾನು ಎಷ್ಟು ಕೊರಗಿ ಸತ್ತರೂ ಬರುವುದಿಲ್ಲ.

ನಿಮ್ಮ ಪಾಠಕ್ಕೆ ಒಂದು ಮುಖ್ಯ ಮಾತು ಬಾಕಿ ಇದೆ. ಬೆಸುಗೆ ಸರಿ ಬಂತೋ ಇಲ್ಲವೋ ಎನ್ನುವುದನ್ನು ಕಿವಿ ಹೇಳುತ್ತದೆ. ಬಾಣಲೆಯಲ್ಲಿ ಕರಿಯುವ ಹಾಗೆ ಒಂದೇ ಸಮ ಚುರ್ ಎನ್ನಬೇಕು. ಸಿಡಿದು ಸಿಡಿದು ಸದ್ದಾದರೆ ರಾಡು ದೂರವಾಗಿದೆ ಎಂದು ಅರ್ಥ, ಗೊರಗೊರ ಎಂದು ಅಂಟಿಕೊಂಡರೆ ಕರೆಂಟು ಕಮ್ಮಿ. ಇದನ್ನು ಕಾಗದದಲ್ಲಿ ಕಲಿಸಲು ಆಗುವುದಿಲ್ಲ. ಮುಖ ತಿರುಗಿಸಿ ಕೂತು ಬರೀ ಸದ್ದಿನಲ್ಲೇ ನನ್ನ ತಪ್ಪು ಹಿಡಿಯುತ್ತಿದ್ದವನು ನಿಮ್ಮ ಮನೆಯಲ್ಲೇ ಇದ್ದಾನೆ. ಷೆಡ್ಡಿನಲ್ಲಿ ಒಂದು ಕುರ್ಚಿ ಹಾಕಿ ಕೂರಿಸಿ. ನನ್ನ ಕಾಗದಕ್ಕಿಂತ ಅವನ ಒಂದು 'ಹೂಂ' ಮೇಲು.

ಇನ್ನೊಂದು ಹೇಳದೆ ಮುಗಿಸಲಾರೆ. ನೀವು ಕಾರ್ಖಾನೆಗೆ ಹೋದ ಹೊತ್ತು ನೋಡಿ ತಿಂಗಳಿಗೊಮ್ಮೆ ಪಕ್ಕದ ಮನೆಯವರ ಕೈಯಲ್ಲಿ ನಂಬರ್ ಒತ್ತಿಸಿ ಅಣ್ಣ ನನಗೆ ಫೋನ್ ಮಾಡುತ್ತಾನೆ. ಊಟ ಆಯ್ತಾ ಎಂದೂ ಕೇಳುವುದಿಲ್ಲ. "ಅವಳಿಗೆ ಹೇಳಿಲ್ಲ ತಾನೇ?" ಎಂದಷ್ಟೇ ಕೇಳುತ್ತಾನೆ. ಒಮ್ಮೆ ನಾನೇ ತಾಳಲಾರದೆ "ಯಾಕಣ್ಣ ಮುಚ್ಚಿಡ್ತೀಯಾ, ಹೇಳಿಬಿಡೋಣ" ಎಂದೆ. "ಬೇಡ ಕಣೋ. ನನ್ನ ಮೇಲೆ ಸಿಟ್ಟಿದ್ರೂ ಅವಳು ಅನ್ನ ಹಾಕ್ತಾಳೆ. ನಿನ್ನದು ಅಂತ ಗೊತ್ತಾದ್ರೆ ನಿನ್ನನ್ನ ಹೊಸ್ತಿಲು ತುಳಿಯೋಕೆ ಬಿಡಲ್ಲ. ನಿನಗೆ ಇರೋದು ಇದೊಂದೇ ಮನೆ" ಎಂದ.

ನನಗೆ ಆ ಮನೆ ಬೇಡ ಅತ್ತಿಗೆ. ಅದು ಪೂರ್ತಿ ಅವನದಾಗಲಿ.

ನೀವಿಬ್ಬರೂ ತಣ್ಣಗಿರಿ. ನಾನಿನ್ನು ಆ ಹೊಸ್ತಿಲು ತುಳಿಯುವುದಿಲ್ಲ, ಉತ್ತರ ಬರೆಯಬೇಡಿ.

ನಿಮ್ಮನ್ನು ಅತ್ತಿಗೆ ಎಂದು ಕೊನೆಯ ಸಲ ಕರೆಯುತ್ತಿರುವ,
ಮೈದುನ