ಷಡ್ಡಕರ ಹೊಸ ಗಾಡಿ

ಮಾರ್ಚ್ ೨೩, ಶನಿವಾರ

ಪ್ರೀತಿಯ ಷಡ್ಡಕರಿಗೆ,

ನಮಸ್ಕಾರಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ‘ಎಲ್ಲರೂ’ ಎಂಬುದರಲ್ಲಿ ನಿಮ್ಮ ಕಾರನ್ನು ಸೇರಿಸಿಲ್ಲ. ಅದರ ಆರೋಗ್ಯದ ವಿಚಾರ ಮುಂದೆ ಬರುತ್ತದೆ. ಉತ್ತರ ಬರೆಯುವುದು ಬಹಳ ತಡವಾಯಿತು, ಕ್ಷಮಿಸಬೇಕು. ಕಾಲೇಜು ಗ್ರಂಥಾಲಯದವರು ಬೆನ್ನು ಮುರಿದ ಪುಸ್ತಕಗಳನ್ನು ವ್ಯಾನ್ ತುಂಬ ತಂದು ನನ್ನ ಅಂಗಡಿಯಲ್ಲಿ ಸುರಿದಿದ್ದಾರೆ. ಬೆಳಗಿನಿಂದ ಸಂಜೆಯವರೆಗೆ ಹೊಲಿಗೆ, ಅಂಟು, ರಟ್ಟು. ನಡುವೆ ಕಾಗದ ಬರೆಯಲು ಕೂತರೆ ಕಾಗದವೇ ಅಂಗೈಗೆ ಮೆತ್ತಿಕೊಂಡು ಎದ್ದು ಬರುತ್ತದೆ.

ಮಗಳ ಮನೆಯಲ್ಲಿ ಹೇಗಿದ್ದೀರಿ? ಮೊಮ್ಮಗಳಿಗೆ ಹಲ್ಲು ಬಂತಂತೆ. ಜೀವಮಾನವೆಲ್ಲ ಊರವರ ಹಲ್ಲು ಕಿತ್ತ ಕೈಗೆ ಈಗ ಒಂದು ಹಲ್ಲು ಹುಟ್ಟುವುದನ್ನು ನೋಡುವ ಯೋಗ. ಮಗು ಬೆರಳು ಕಚ್ಚಿದರೆ ದೂರಬೇಡಿ, ಅದು ಇಡೀ ಊರಿನ ಪರವಾಗಿ ಕಚ್ಚುತ್ತಿದೆ.

ಈಗ ಕಾರಿನ ವಿಚಾರ. ಅತ್ತಿಗೆ ತೀರಿಹೋದ ಮೇಲೆ ನೀವು ಮನೆಗೆ ಬೀಗ ಹಾಕಿ ಹೊರಟಾಗ ‘ವಾರಕ್ಕೊಮ್ಮೆ ಚಾಲೂ ಮಾಡಿ, ಸಾಕು’ ಎಂದು ಕೀಲಿ ಕೊಟ್ಟಿರಿ. ನಿಮ್ಮದು ಹೊಸದೆಂದು ಅದನ್ನು ನನ್ನ ಶೆಡ್ಡಿನೊಳಗೆ ನಿಲ್ಲಿಸಿ, ನನ್ನ ಹಳೆಯದನ್ನು ಬೀದಿಗೆ ತಳ್ಳಿದೆ. ನನ್ನವಳು, ಅಂದರೆ ನಿಮ್ಮ ನಾದಿನಿ, ‘ಹಿರೇ ಅಳಿಯ ಬಂದ ಅಂತ ಕಿರೇ ಅಳಿಯನ್ನ ಜಗಲಿ ಮೇಲೆ ಮಲಗಿಸಿದ ಹಾಗಾಯ್ತು’ ಎಂದಳು. ನಿಮ್ಮ ಗಾಡಿ ಮೊದಲ ವಾರವೇ ಕಿರಿಕಿರಿ ಶುರುಮಾಡಿತು. ಬಾಗಿಲು ತೆರೆದರೆ ಕುಂಯ್, ಮುಚ್ಚಿದರೆ ಕುಂಯ್, ಹಿಂದೆ ಬೆಕ್ಕು ಹಾದರೆ ಕುಂಯ್. ಆಮೇಲೆ ಹಳದಿ ದೀಪವೊಂದು ಹತ್ತಿಕೊಂಡು ಆರಲೇ ಇಲ್ಲ. ಸರ್ವೀಸಿನವರಲ್ಲಿಗೆ ಒಯ್ದೆ. ಅಲ್ಲಿನ ಮೆಕ್ಯಾನಿಕ್ ಕಂಪ್ಯೂಟರಿಗೆ ತಂತಿ ಸಿಕ್ಕಿಸಿ, ಬಹಳ ಹೊತ್ತು ನೋಡಿ, ಗಂಭೀರವಾಗಿ ಹೇಳಿದ: ‘ಗಾಡಿ ಕೆಟ್ಟಿಲ್ಲ ಸಾರ್. ಕೆಟ್ಟಿದೆ ಅಂತ ಹೇಳೋದು ಕೆಟ್ಟಿದೆ.’

ಷಡ್ಡಕರೇ, ಹಳೆಯ ಗಾಡಿ ಮೇಲೋ ಹೊಸದು ಮೇಲೋ ಎಂಬ ಇಷ್ಟು ವರ್ಷಗಳ ನಮ್ಮ ವಾದದಲ್ಲಿ ನನಗೆ ಇಂಥ ಮಾತು ಹೊಳೆದಿರಲಿಲ್ಲ. ಅವನ ಕೈ ಕುಲುಕಿ ಬಂದೆ. ನನ್ನ ಗಾಡಿಯಲ್ಲಿ ಕೆಡಲು ಅಂಥ ಬುದ್ಧಿವಂತ ಭಾಗಗಳೇ ಇಲ್ಲ. ಕೆಟ್ಟರೆ ನಿಲ್ಲುತ್ತದೆ, ನಿಂತರೆ ಕೆಟ್ಟಿದೆ ಎಂದರ್ಥ.

ಅದು ನಿಂತ ಕಥೆಯನ್ನೂ ಹೇಳಲೇಬೇಕು. ನಾನು ಮುಚ್ಚಿಟ್ಟರೆ ನಿಮ್ಮ ನಾದಿನಿ ಫೋನಿನಲ್ಲಿ ಉಪ್ಪು ಖಾರ ಹಚ್ಚಿ ಹೇಳಿಯಾಳು.

ಹೋದ ವಾರ ಅತ್ತೆಯವರ ಕಣ್ಣಿನ ಪೊರೆ ತೆಗೆಸುವುದಿತ್ತು. ಬೆಳಿಗ್ಗೆ ಬೇಗ ಬರಲು ಹೇಳಿದ್ದರು. ನಾನು ಹಟ ಹಿಡಿದು ನನ್ನ ಗಾಡಿಯನ್ನೇ ತೆಗೆದೆ. ಒಂದೇ ಸಲಕ್ಕೆ ಚಾಲೂ ಆಯಿತು. ‘ನೋಡಿ, ಕೀಲಿ ತಿರುಗಿಸೋಕೆ ಮುಂಚೆನೇ ಎದ್ದು ಕೂತಿದೆ!’ ಎಂದೆ. ನನ್ನವಳು ಹಿಂದೆ ಕೂತಳು. ಅತ್ತೆ ಮುಂದಿನ ಸೀಟಿನಲ್ಲಿ ಕೂತು, ‘ಮಾತು ಕಮ್ಮಿ ಮಾಡಿ ಅಳಿಯಂದ್ರೇ, ರಸ್ತೆ ನೋಡಿ. ನಮ್ಮಿಬ್ರಲ್ಲಿ ಕಣ್ಣು ಕಾಣೋದು ನಿಮಗೊಬ್ಬರಿಗೇ’ ಎಂದರು.

ಸೇತುವೆ ದಾಟುವವರೆಗೆ ಎಲ್ಲವೂ ಸರಿಯಿತ್ತು. ದೊಡ್ಡ ಸರ್ಕಲ್ಲಿನಲ್ಲಿ ‘ಟಪ್’ ಎಂದಿತು. ಇಂಜಿನ್ನಿನ ಪಟ್ಟಿ ತುಂಡಾಗಿತ್ತು. ‘ಪಟ್ಟಿ ಅಷ್ಟೇ, ಸಣ್ಣ ಸಂಗತಿ’ ಎಂದು ಇಳಿದೆ. ಜೇಬಿನಲ್ಲಿ ಮೇಣ ಹಚ್ಚಿದ ಹೊಲಿಗೆಯ ದಾರ ಇದ್ದೇ ಇರುತ್ತದಲ್ಲ. ಪುಸ್ತಕದ ಬೆನ್ನು ಹೊಲಿಯುವ ಹಾಗೆ ಪಟ್ಟಿಯನ್ನು ಹೊಲಿದು ಕೂರಿಸಿದೆ. ಸುತ್ತ ನಾಲ್ಕು ಜನ ಸೇರಿ ಭಲೇ ಎಂದರು. ನನಗೆ ಆ ಕ್ಷಣ ನೀವಲ್ಲಿ ಇರಬೇಕಿತ್ತು ಅನ್ನಿಸಿತು. ಗಾಡಿ ಹೊರಟಿತು, ಆ ನಾಲ್ಕು ಜನರ ಕಣ್ಣೆದುರಿಗೇ ಮತ್ತೆ ನಿಂತಿತು. ಈ ಸಲ ಹೊಗೆಯೂ ಬಂತು. ಭಲೇ ಎಂದವರೇ ತಳ್ಳಿ ಪಕ್ಕಕ್ಕೆ ಹಾಕಿದರು.

ನನ್ನವಳು ಇಳಿದು, ಸಿಕ್ಕಿದ ಬಾಡಿಗೆ ಗಾಡಿ ಹತ್ತಿ ಮನೆಗೆ ಹೋಗಿ, ನಿಮ್ಮ ಕಾರನ್ನು ಓಡಿಸಿಕೊಂಡು ಬಂದಳು. ರಾಣಿಯ ಹಾಗೆ ಬಂದಳು ಎಂದು ಬರೆಯಲು ಮನಸ್ಸಿಲ್ಲ, ಆದರೆ ಬಂದದ್ದು ಹಾಗೆಯೇ. ಅತ್ತೆಯನ್ನು ಒಂದು ಗಾಡಿಯಿಂದ ಇನ್ನೊಂದಕ್ಕೆ ದಾಟಿಸಿದ್ದಾಯಿತು. ಹಿಂದಿನ ಸೀಟಿನಲ್ಲಿ ಅವರ ಬಟ್ಟೆಯ ಚೀಲ ಇಟ್ಟೊಡನೆ ನಿಮ್ಮ ಗಾಡಿ ‘ಪ್ರಯಾಣಿಕರು ಬೆಲ್ಟ್ ಹಾಕಿಲ್ಲ’ ಎಂದು ಕೂಗತೊಡಗಿತು. ಕೊನೆಗೆ ಚೀಲಕ್ಕೆ ಬೆಲ್ಟ್ ಬಿಗಿದೆವು. ‘ಪಾಪ, ಒಳಗಿರೋ ಸೀರೆಗೆ ಪೆಟ್ಟಾಗಬಾರ್ದಲ್ಲ’ ಎಂದರು ಅತ್ತೆ. ಅವರಿಬ್ಬರೂ ಹೊರಟರು. ನಾನು ಎಳೆದೊಯ್ಯುವ ಲಾರಿಗೆ ಫೋನು ಮಾಡಿ ಕಾಯುತ್ತ ನಿಂತೆ.

ಲಾರಿ ಬಂದು, ನನ್ನ ಗಾಡಿಯ ಮೂತಿಯನ್ನು ಕೊಕ್ಕೆಗೆ ಸಿಕ್ಕಿಸುವ ಹೊತ್ತಿಗೆ ಫೋನು ಬಡಿದುಕೊಂಡಿತು.

‘ರೀ, ಗಾಡಿ ನಿಂತುಹೋಯ್ತು. ಆಸ್ಪತ್ರೆ ಗೇಟಲ್ಲಿ. ಅಡ್ಡಡ್ಡ.’

ದೇವರಾಣೆಗೂ ನನಗೆ ಸಂತೋಷವಾಯಿತು. ನಡುಬೀದಿಯಲ್ಲಿ ಕೂಗಿದೆ: ‘ನಾನು ಹೇಳಿರಲಿಲ್ವಾ? ಹೊಸದೆಲ್ಲ ಬರೀ ಥಳುಕು! ಈಗಲಾದ್ರೂ ಒಪ್ಕೋತೀಯಾ?’

 ‘ಆಯ್ತಾ ಕೂಗಿ? ಈಗ ನಿಮ್ಮ ಜೇಬು ನೋಡ್ಕೊಳ್ಳಿ’ ಎಂದಳು.

ನೋಡಿದೆ. ನಿಮ್ಮ ಕಾರಿನ ಕೀಲಿ ನನ್ನ ಅಂಗಿಯ ಜೇಬಿನಲ್ಲಿತ್ತು. ಅತ್ತೆಯನ್ನು ಇಳಿಸಿ ಹತ್ತಿಸುವ ಗಡಿಬಿಡಿಯಲ್ಲಿ ‘ಸ್ವಲ್ಪ ಹಿಡ್ಕೊಳ್ಳಿ’ ಎಂದು ಕೊಟ್ಟಿದ್ದಳು, ನಾನು ಜೇಬಿಗೆ ಇಳಿಬಿಟ್ಟಿದ್ದೆ. ತಿರುಗಿಸುವ ಕೀಲಿಯಲ್ಲವಲ್ಲ ಅದು, ಗಾಡಿಯ ಹತ್ತಿರವಿದ್ದರೆ ಸಾಕು. ಒಮ್ಮೆ ಚಾಲೂ ಆದ ಮೇಲೆ ನಿಮ್ಮ ಗಾಡಿ ಕೀಲಿ ಇಲ್ಲದೆಯೂ ಓಡುತ್ತದಂತೆ, ಆದರೆ ಆರಿದರೆ ಮತ್ತೆ ಹತ್ತುವುದಿಲ್ಲ. ಕೀಲಿ ಬಿಟ್ಟು ಬಂದಿರೆಂದು ಪರದೆ ಮೇಲೆ ತೋರಿಸಿತ್ತಂತೆ, ಕುಂಯ್ ಎಂದೂ ಅಂದಿತ್ತಂತೆ. ದಿನವಿಡೀ ಕುಂಯ್ಗುಡುವ ಗಾಡಿಯ ಮಾತನ್ನು ಯಾರು ಕೇಳುತ್ತಾರೆ? ಇನ್ನು ಅದು ಆರಿದ್ದು ಹೇಗೆಂದರೆ, ಗೇಟಿನಲ್ಲಿ ಕಾವಲಿನವನೊಡನೆ ಮಾತನಾಡಲು ನಿಲ್ಲಿಸಿದಾಗ ಪಕ್ಕದ ಸೀಟಿನಲ್ಲಿದ್ದ ಅತ್ತೆ ಇಳಿಯಹೊರಟು, ತಡವರಿಸಿ, ಇಂಜಿನ್ ಗುಂಡಿಯನ್ನೇ ಒತ್ತಿದ್ದರು. ‘ದುಂಡಗಿತ್ತು, ಬಾಗಿಲದ್ದು ಅಂದ್ಕೊಂಡೆ’ ಎಂಬುದು ಅವರ ವಿವರಣೆ.

ನಾನು ಕೀಲಿ ಹಿಡಿದು ಎಳೆಯುವ ಲಾರಿಯಲ್ಲೇ ಕೂತೆ. ಹಿಂದೆ ನನ್ನ ಕಾರು ನೇತಾಡುತ್ತಿತ್ತು. ಹೀಗೆ ಮೆರವಣಿಗೆಯಲ್ಲಿ ಆಸ್ಪತ್ರೆ ತಲುಪಿದಾಗ ಕಾವಲಿನವನು ಲಾರಿ ನೋಡಿ ಕುಣಿದಾಡುವುದೊಂದು ಬಾಕಿ. ನಿಮ್ಮ ಗಾಡಿಯನ್ನು ತೋರಿಸಿ, ‘ಮೊದಲು ಇದನ್ನ ಎತ್ಕೊಂಡ್ಹೋಗಿ!’ ಎಂದ. ಲಾರಿಯವನು, ‘ಕೊಕ್ಕೆ ಒಂದೇ ಇರೋದು, ಒಬ್ಬೊಬ್ಬರಾಗಿ ಬನ್ನಿ’ ಎಂದ. ಹಿಂದೆ ವಾಹನಗಳ ಸಾಲು. ಮೊದಲ ಕಾರಿನವರು ಹಾರನ್ ಒತ್ತಿ ಒತ್ತಿ ಸಾಕಾಗಿ ಇಳಿದು ಬಂದರು. ‘ಏನಮ್ಮಾ ಇದು? ಒಳಗೆ ನನಗೆ ಆಪರೇಷನ್ ಇದೆ, ಪೇಷೆಂಟ್ ಕಾಯ್ತಿರ್ತಾರೆ’ ಎಂದು ರೇಗಿದರು. ಅತ್ತೆ ಧ್ವನಿ ಗುರುತು ಹಿಡಿದು ಕಿಟಕಿಯಿಂದ ತಲೆ ಹೊರಹಾಕಿ, ‘ಪೇಷೆಂಟ್ ನಾನೇ ಡಾಕ್ಟ್ರೇ. ನೀವೂ ಇಲ್ಲೇ ಇದ್ದೀರಿ, ನಾನೂ ಇಲ್ಲೇ ಇದ್ದೀನಿ. ಅವಸರ ಏನಿದೆ?’ ಎಂದರು.

ನನ್ನ ಜೇಬು ಹತ್ತಿರ ಬಂದೊಡನೆ ನಿಮ್ಮ ಗಾಡಿ ತಕರಾರಿಲ್ಲದೆ ಚಾಲೂ ಆಯಿತು. ಆಗ ಅದರ ಮುಖದ ಮೇಲೆ ಒಂದು ಬಗೆಯ ನಗು ಕಂಡೆ. ನಿಮ್ಮದೇ ನಗು.

ಅತ್ತೆಯ ಕಣ್ಣಿಗೆ ಹನಿ ಹಾಕಿ ಹೊರಗೆ ಕೂರಿಸಿದರು. ಹನಿ ಹಿಡಿಯುವವರೆಗೆ ಕಾಯಬೇಕು. ಸುತ್ತ ಕೂತಿದ್ದವರೆಲ್ಲ ಕಣ್ಣು ಮುಚ್ಚಿದ್ದರು, ಎದ್ದು ಹೋಗುವ ಹಾಗಿಲ್ಲ. ಅಂಥ ಸಭೆ ಮತ್ತೆ ಸಿಗದೆಂದು ನನ್ನ ವಾದವನ್ನು ವಿಸ್ತಾರವಾಗಿ ಮಂಡಿಸಿದೆ. ಆ ಕಾಲದ ತಗಡು ಎಂಥದು, ಆ ಇಂಜಿನ್ ಎಂಥದು, ಇವತ್ತಿಗೂ ರಸ್ತೆಯಲ್ಲಿ ಆ ಮಾಡೆಲ್ ಕಂಡರೆ ಗಟ್ಟಿಮುಟ್ಟಾಗಿರುತ್ತದೆ, ಇತ್ಯಾದಿ. ಅತ್ತೆ ಕಣ್ಣು ಮುಚ್ಚಿಕೊಂಡೇ ಹೇಳಿದರು:

‘ಅಳಿಯಂದ್ರೇ, ನನ್ನ ಜೊತೆ ಶಾಲೆಗೆ ಹೋದೋರಲ್ಲಿ ಉಳಿದಿರೋಳು ನಾನೊಬ್ಬಳು. ನನ್ನ ನೋಡಿ ಎಲ್ಲರೂ, ಆ ಕಾಲದೋರು ಭಾರಿ ಗಟ್ಟಿ ಅಂತಾರೆ. ಹೋದೋರನ್ನ ಯಾರು ಲೆಕ್ಕಕ್ಕೆ ಹಿಡಿದ್ರು?’

ಸಭೆಯಲ್ಲಿ ಯಾರೋ ‘ಹೌದು’ ಎಂದರು.  ನೀವೂ ನಾನೂ ಒಂದೇ ವರ್ಷ ಒಂದೇ ಮಾಡೆಲ್ ಕೊಂಡವರು. ನಿಮ್ಮದು ಗೇರು ಪೆಟ್ಟಿಗೆ ಪುಡಿಯಾಗಿ ಎಂದೋ ಗುಜರಿ ಸೇರಿತು. ಬದುಕುಳಿದ ನನ್ನದನ್ನು ತೋರಿಸಿ ತೋರಿಸಿ ಇಷ್ಟು ವರ್ಷ ನಿಮ್ಮನ್ನು ಕೆಣಕಿದೆ, ನಿಮ್ಮ ಹಳೆಯದನ್ನು ನಾವಿಬ್ಬರೂ ಮರೆತೇಬಿಟ್ಟಿದ್ದೆವು! ನೀವು ಹಲ್ಲಿನವರು, ಅಲ್ಲಾಡುವುದನ್ನು ಕಿತ್ತು ಹೊಸದು ಕೂರಿಸುವುದು ನಿಮ್ಮ ಸ್ವಭಾವ. ನಾನು ಕಿತ್ತುಬಂದದ್ದಕ್ಕೂ ರಟ್ಟು ಹಾಕಿ ಬಾಳಿಸುವವನು. ನಮ್ಮ ಜಗಳ ಕಾರಿನದ್ದೇ ಅಲ್ಲವೇನೋ.

ಹಾಗೆಂದು ಸೋತೆ ಎಂದು ತಿಳಿಯಬೇಡಿ. ನಿಮ್ಮ ಗಾಡಿಯ ಇಂಜಿನ್ ನನ್ನದಕ್ಕಿಂತ ಗಟ್ಟಿ ಎಂದು ಒಪ್ಪುತ್ತೇನೆ. ಆದರೆ ಅದರ ಮಿದುಳು ಮೊಂಡು. ನನ್ನದಕ್ಕೆ ಮಿದುಳಿಲ್ಲ, ಮೊಂಡುತನ ನನ್ನದು. ಇದಕ್ಕಿಂತ ಹೆಚ್ಚು ಕೇಳಬೇಡಿ.

ಆಪರೇಷನ್ ಆದ ಮರುದಿನ ಕಣ್ಣಿನ ಪಟ್ಟಿ ಬಿಚ್ಚಿದರು. ಅತ್ತೆ ಮನೆ ಮುಂದೆ ಇಳಿದು ಅಕ್ಕಪಕ್ಕ ನಿಂತಿದ್ದ ಎರಡು ಗಾಡಿಗಳನ್ನೂ ಕಣ್ಣು ತುಂಬ ನೋಡಿ, ‘ಎರಡೂ ಒಂದೇ ಥರ ಇವೆಯಲ್ರೋ. ಇದಕ್ಕಾ ಇಷ್ಟು ವರ್ಷ ಗಂಟಲು ಹರ್ಕೊಂಡಿದ್ದು?’ ಎಂದರು. ಆಮೇಲೆ ನನ್ನತ್ತ ತಿರುಗಿ, ಬಹಳ ಮರುಕದಿಂದ, ‘ಅಯ್ಯೋ, ಅಳಿಯಂದ್ರೇ, ನೀವು ಯಾವಾಗ ಇಷ್ಟು ಮುದುಕರಾದ್ರಿ?’ ಎಂದರು. ಡಾಕ್ಟರ ಕೈಗುಣ ಬಹಳ ಚೆನ್ನಾಗಿದೆ.

ಅತ್ತೆ ನಿಮಗೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಮೊಮ್ಮಗಳು ನೂರು ಕಾಲ ಬಾಳಲಿ, ಹಲ್ಲು ನಿಮ್ಮಂಥವರ ಕೈಗೆ ಸಿಗದಿರಲಿ ಎಂದು ನನ್ನ ಹಾರೈಕೆ. ಮಗಳಿಗೂ ಅಳಿಯನಿಗೂ ಒಳ್ಳೆಯದಾಗಲಿ. ನೀವು ಹೊತ್ತಿಗೆ ಸರಿಯಾಗಿ ಊಟ ಮಾಡಿ, ಸಂಜೆ ಮನೆಯಲ್ಲೇ ಕೂರದೆ ಒಂದಿಷ್ಟು ನಡೆದಾಡಿ.

ಇಂತಿ ನಿಮ್ಮ,
ಹಳೇ ಮಾಡೆಲ್ ಷಡ್ಡಕ

ತಾ.ಕ.: ಕಾರನ್ನು ಮಾರಿಬಿಡಿ ಎಂದು ಬರೆದಿದ್ದಿರಿ. ಅದಕ್ಕೆ ಏನು ಹೇಳಬೇಕೋ ತಿಳಿಯದೆಯೇ ಉತ್ತರ ಇಷ್ಟು ತಡವಾದದ್ದು, ಪುಸ್ತಕಗಳಿಂದಲ್ಲ. ನಿನ್ನೆ ಒಬ್ಬರು ಕೊಳ್ಳಲು ಬಂದಿದ್ದರು. ಬಾನೆಟ್ ಎತ್ತಿ ನೋಡಿ, ಚಕ್ರ ಒದ್ದು ನೋಡಿ, ಒಪ್ಪಿಗೆಯಾಗಿ, ಚಾಲಕನ ಸೀಟಿನಲ್ಲಿ ಕೂತರು. ಸೀಟಿನ ಪಕ್ಕ ಎರಡು ಗುಂಡಿಗಳಿವೆಯಲ್ಲ, ಒಂದು ನಿಮ್ಮ ಅಳತೆಗೆ, ಇನ್ನೊಂದು ಅತ್ತಿಗೆಯ ಅಳತೆಗೆ. ನನಗೆ ಅದು ಗೊತ್ತೇ ಇರಲಿಲ್ಲ. ಅವರು ಎರಡನೆಯದನ್ನು ಒತ್ತಿದರು. ಸೀಟು ತಾನಾಗಿ ಮುಂದೆ ಸರಿದು, ಮೇಲೆದ್ದಿತು. ಕನ್ನಡಿಗಳೂ ಮೆಲ್ಲನೆ ಕೆಳಗೆ ಬಾಗಿದವು. ಅವರ ಮೊಣಕಾಲು ಸ್ಟೀರಿಂಗಿಗೆ ಬಡಿಯಿತು. ‘ಯಾರದ್ದಿದು, ಇಷ್ಟು ಕುಳ್ಳಗಿನೋರು? ಇದನ್ನ ಅಳಿಸಿಬಿಡಬಹುದು ತಾನೇ?’ ಎಂದು ಕೇಳಿದರು.

ಬಾಗಿಲಲ್ಲಿ ನಿಂತಿದ್ದ ನನ್ನವಳು ಬಂದು, ಅವರನ್ನು ಇಳಿಸಿ, ಗಾಡಿ ಮಾರಾಟಕ್ಕಿಲ್ಲ ಎಂದು ಕಳಿಸಿಬಿಟ್ಟಳು. ಆಮೇಲೆ ನನಗೆ ಹೇಳಿದಳು: ಆ ದಿನ ಸರ್ಕಲ್ಲಿನಿಂದ ಗಾಡಿ ತರಲು ಓಡಿದಾಗ ಅವಳಿಗೆ ಕಾಲು ಎಟುಕಿರಲಿಲ್ಲ, ಗುಂಡಿ ಒತ್ತಿದಳಂತೆ. ಅಕ್ಕ ತಂಗಿ ಒಂದೇ ಎತ್ತರ. ಸೀಟು ಅವಳನ್ನು ಅಕ್ಕನ ಜಾಗಕ್ಕೆ ಸರಿಯಾಗಿ ಒಯ್ದು ಕೂರಿಸಿತಂತೆ. ಅಂದಿನಿಂದ ದಿನಾ ಮಧ್ಯಾಹ್ನ ಶೆಡ್ಡಿಗೆ ಹೋಗಿ, ಚಾಲೂ ಮಾಡದೆ, ಸುಮ್ಮನೆ ಅಲ್ಲಿ ಕೂತು ಬರುತ್ತಾಳೆ.

ಕಾರು ನಿಮ್ಮದು. ಮಾರುವುದಾದರೆ ನೀವೇ ಬನ್ನಿ. ನನ್ನಿಂದ ಆಗುವುದಿಲ್ಲ.